ಮೂವತ್ತೊಂದನೇ ಮಂಚ

“ಏ ಮುದಿ ಮುಂಡೇದೇ, ಕಾಲು ಮುರ್ಕೊಂಡೋಳು ಹೀಗೆ ಧಡಧಡ ಅಂತ ಕಕ್ಕಸಿಗೆ ನಡ್ಕೊಂಡು ಹೋಗ್ತಾಳೇನೇ?”

ತೋಟಕ್ಕೂ ಆಸ್ಪತ್ರೆಗೂ ಮ್ಯಾನೇಜರಾಗಿದ್ದ ಬರುವಾ ಬಾಬು ವಾರ್ಡಿನ ಬಾಗಿಲಲ್ಲಿ ನಿಂತು ಕೂಗಿದ ರಭಸಕ್ಕೆ ನಾನು ಗೋಡೆಗೆ ಅಂಟಿಕೊಂಡೆ. ನನ್ನ ಬಲಗಾಲಿಗೆ ಹಿಮ್ಮಡಿಯಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ಬಡಿದರೆ ಟಕ್ ಟಕ್ ಅನ್ನುವ ನಿಜವಾದ ಪ್ಲಾಸ್ಟರು. ಒಳಗಿದ್ದ ಕಾಲಿಗೆ ಮಾತ್ರ ಏನೂ ಆಗಿರಲಿಲ್ಲ.

“ತಡ್ಕಳಕ್ಕಾಗ್ಲಿಲ್ಲ ಬಾಬು” ಅಂದೆ.

“ತಡ್ಕೋಬೇಕು. ಮಂಚದ ಕೆಳಗೆ ಪಾತ್ರೆ ಇಟ್ಟಿರೋದು ಯಾಕೆ, ನಿಮ್ಮಪ್ಪನ ತಿಥಿ ಮಾಡೋಕಾ? ನಾಳೆ ದೆಹಲಿಯೋರ ಎದುರಿಗೆ ಹೀಗೆ ಎದ್ದೆ ಅಂದ್ರೆ ನೋಡು. ದನ ಕಾಯೋ ಜಾತಿ! ಮಲ್ಕೊಳ್ಳೋದಕ್ಕೂ ಹೇಳ್ಕೊಡಬೇಕು ಇವಕ್ಕೆ.”

ನಲವತ್ತು ಮಂಚದ ವಾರ್ಡಿನಲ್ಲಿದ್ದ ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೂ ನಗು ಬಂತು. ಮೂವತ್ತು ವರ್ಷ ಚಹಾ ಎಲೆ ಕಿತ್ತವಳಿಗೆ ಸುಮ್ಮನೆ ಮಲಗುವುದೇ ಕಷ್ಟದ ಕೆಲಸ. ಕಾಲೆಳೆದುಕೊಂಡು ಹೋಗಿ ಮೂವತ್ತೊಂದನೇ ಮಂಚದ ಮೇಲೆ ಬಿದ್ದುಕೊಂಡೆ.

ನಾವು ನಲವತ್ತೂ ಜನ ಹರಿಣಝೋರಾ ಚಹಾ ತೋಟದವರು. ಈ ಮೆಡಿಕಲ್ ಕಾಲೇಜು ಎದ್ದಿರುವುದು ತೋಟದ ಹದಿನಾಲ್ಕನೇ ತಾಕಿನಲ್ಲಿ. ಅಲ್ಲಿನ ಗಿಡಗಳನ್ನು ಬುಡಸಮೇತ ಕಿತ್ತವರೂ ನಾವೇ, ಅಡಿಪಾಯಕ್ಕೆ ಕಲ್ಲು ಹೊತ್ತವರೂ ನಾವೇ. ಹಿಂದೆ ಒಂದು ಕಾರ್ಖಾನೆ ಏಳುತ್ತಿದೆ, ಪಕ್ಕದಲ್ಲಿ ಇಂಗ್ಲಿಷ್ ಶಾಲೆ. ಗೇಟಿನ ಮೇಲೆ ಅಸ್ಸಾಂ ಉದ್ಧಾರವಾಗುತ್ತಿರುವ ದೊಡ್ಡ ಬ್ಯಾನರು ಹಾಕಿದ್ದಾರೆ, ಅದರಲ್ಲಿ ನಗುತ್ತಾ ನಿಂತಿರುವ ಹೆಂಗಸಿನ ಬೆನ್ನಿಗೆ ನಮ್ಮ ಎಲೆ ಬುಟ್ಟಿ. ಆದರೆ ರೋಗಿಗಳಿಲ್ಲದ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ತಪಾಸಣೆಗೆ ಬರುವ ದೆಹಲಿಯವರು ಒಪ್ಪಿಗೆ ಕೊಡುವುದಿಲ್ಲವಂತೆ. ಅದಕ್ಕೆ ಬರುವಾ ಬಾಬು ನಮ್ಮ ಲೋಕನಾಥ ಸರ್ದಾರನಿಗೆ ಹೇಳಿ ಕಳಿಸಿದ. ಲೋಕನಾಥ ಎಲೆ ಕೀಳಲು ಸಾಲು ಹಂಚುತ್ತಾನಲ್ಲ, ಹಾಗೇ ಚೀಟಿ ಹಿಡಿದು ರೋಗ ಹಂಚಿದ.

“ಬಿರ್ಸಿ, ನಿಂಗೆ ಪಿತ್ತಕೋಶದಾಗೆ ಕಲ್ಲು. ಸುಮಾರಿ ಅಜ್ಜಿ, ನಿಂಗೆ ಸಕ್ಕರೆ ಕಾಯ್ಲೆ.”

“ಸಕ್ಕರೆ ಕಾಯ್ಲೆ ನಂಗ್ಯಾಕೋ?” ಸುಮಾರಿ ಅಜ್ಜಿ ಕೆರಳಿದಳು. “ಹುಟ್ಟಿದಾಗಿಂದ ಉಪ್ಪು ಹಾಕಿದ ಚಾ ಕುಡ್ದೋಳು ನಾನು. ಸಕ್ಕರೆ ಮುಖ ನೋಡಿರೋದೇ ಪೂಜೆ ದಿನ. ಉಪ್ಪಿನ ಕಾಯ್ಲೆ ಇದ್ರೆ ಕೊಡು.”

“ಕೊಟ್ಟಿದ್ದು ಇಸ್ಕೋ ಅಜ್ಜಿ. ಫಗುನಿ, ನಿಂಗೆ ಕಾಲು ಮುರ್ದೈತೆ. ಪುಣ್ಯವಂತೆ ಕಣೇ ನೀನು, ಬಾಯಿಪಾಠ ಮಾಡೋದು ಏನೂ ಇಲ್ಲ.”

ಬೇರೆಯವರು ಬಂದದ್ದು ಎರಡು ದಿನದ ಹಾಜರಿ ಕೂಲಿಗೆ, ಅನ್ನಕ್ಕೆ, ಫ್ಯಾನಿನ ಗಾಳಿಗೆ. ನಾನು ಬಂದದ್ದು ಜೋನಾಕಿಗಾಗಿ.

ಜೋನಾಕಿ ನನಗೆ ಉಳಿದಿರುವ ಒಬ್ಬಳೇ ಮಗಳು. ದೊಡ್ಡವಳು ಹೆರಿಗೆಯಲ್ಲಿ ಹೋದಳು, ಕೂಲಿ ಲೈನಿನ ಮನೆಯಲ್ಲಿ, ನನ್ನ ಕೈಯಲ್ಲೇ. ಆಗ ತೋಟದ ಆಸ್ಪತ್ರೆಯಲ್ಲಿ ಕಡೇಪಕ್ಷ ಒಬ್ಬ ಕಾಂಪೌಂಡರ್ ಇದ್ದ. ಈಗ ದೊಡ್ಡಾಸ್ಪತ್ರೆ ಬರುತ್ತಿದೆಯೆಂದು ಅದಕ್ಕೂ ಬೀಗ ಹಾಕಿದ್ದಾರೆ. ಕಳೆದ ತಿಂಗಳು ಲೈನಿಗೆ ಬಂದ ನರ್ಸು ಜೋನಾಕಿಯ ತೋಳಿಗೆ ಪಟ್ಟಿ ಸುತ್ತಿ ನೋಡಿ, ಅವಳ ಊದಿದ ಪಾದ ಒತ್ತಿ ನೋಡಿ, ನನ್ನನ್ನು ಆಚೆ ಕರೆದಳು.

“ಮೈಯಲ್ಲಿ ರಕ್ತ ಇಲ್ಲ, ಬೀಪಿ ನೋಡಿದ್ರೆ ಇಷ್ಟು ಏರಿದೆ. ಇವಳ ಹೆರಿಗೆ ಮನೇಲಿ ಮಾಡಿಸ್ಬೇಡ ಕಾಕಿ. ನೋವು ಬಂದಾಗ ಫಿಟ್ಸ್ ಬಂದ್ರೆ ಡಾಕ್ಟ್ರು ಇರ್ಲೇಬೇಕು. ಇಲ್ಲದಿದ್ರೆ ತಾಯಿನೂ ಇಲ್ಲ, ಮಗುನೂ ಇಲ್ಲ.”

ಡಿಬ್ರುಗಢದ ಆಸ್ಪತ್ರೆಗೆ ಮೂರು ಗಂಟೆಯ ದಾರಿ, ಅದೂ ಸೇತುವೆ ಮುಳುಗದಿದ್ದರೆ. ಅದಕ್ಕೇ ಲೋಕನಾಥ ರೋಗ ಹಂಚಲು ಬಂದಾಗ ಅವನನ್ನು ತೂಕದ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಬರುವಾ ಬಾಬುವನ್ನು ಕೇಳಿಕೊಂಡು ಬಂದು ಅವನು ಮಾತು ಕೊಟ್ಟ.

“ಬಾಬು ಬಾಯಿಬಿಟ್ಟು ಹೇಳವ್ರೆ. ನೀನು ಎರಡು ದಿನ ಕೆಮ್ಮದೆ ಕ್ಯಾಕರಿಸದೆ ಮಲ್ಕೋ. ಜೋನಾಕಿಗೆ ನೋವು ಬಂದ ದಿನ ಒಂದು ಮಂಚ, ಒಬ್ಬ ಡಾಕ್ಟ್ರು. ನಂದು ಗ್ಯಾರಂಟಿ.”

ದಿನ ತುಂಬಲು ಇನ್ನೂ ಹತ್ತು ದಿನವಿತ್ತು. ನಾನು ಕಾಲು ಚಾಚಿದೆ, ಅವರು ಪ್ಲಾಸ್ಟರ್ ಸುತ್ತಿದರು.

ಅವತ್ತು ಸಂಜೆ ಜೋನಾಕಿ ನನ್ನನ್ನು ನೋಡಲು ಕಿಟಕಿಯ ಹತ್ತಿರ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಚಪ್ಪಲಿ ಪಾದಕ್ಕೆ ಹಿಡಿಸದೆ ಗಂಡ ಸೋಮ್ರಾನ ಚಪ್ಪಲಿ ಹಾಕಿಕೊಂಡಿದ್ದಳು. ಕಿಟಕಿ ಪಕ್ಕದ ಸುಮಾರಿ ಅಜ್ಜಿಯ ಮಂಚದ ಮೇಲೆ ಹೋಗಿ ಕೂತ ನನ್ನ ಪ್ಲಾಸ್ಟರನ್ನು ಸರಳಿನೊಳಗೆ ಕೈ ತೂರಿಸಿ ಬಡಿದಳು.

“ಮಾಯಿ, ಬಿಳೀ ಕಾಲಲ್ಲಿ ಮೇಮ್‌ಸಾಹೇಬ್ ಥರ ಕಾಣ್ತಿದೀಯ. ಇನ್ನೊಂದಕ್ಕೂ ಹಾಕಿಸ್ಕೋ.”

“ಥೂ, ಬಿನ್ನಾಣಗಿತ್ತಿ. ಮೊದ್ಲು ಮನೆಗೋಗಿ ಕಾಲು ಮೇಲಿಟ್ಕೊಂಡು ಮಲ್ಕೋ. ಚಾಗೆ ಉಪ್ಪು ಹಾಕ್ಕೋಬ್ಯಾಡ ಅಂತ ನರ್ಸಮ್ಮ ಹೇಳಿಲ್ವಾ?”

“ಉಪ್ಪಿಲ್ದೆ ಚಾ ಕುಡಿಯೋದಕ್ಕಿಂತ ಗಂಡನ್ನೇ ಬಿಟ್ಬಿಡ್ತೀನಿ.” ಅವಳು ನಕ್ಕಳು. ನಗುವಾಗ ತಲೆಗೆ ಕೈ ಒತ್ತಿಕೊಂಡಳು. “ತಲೆ ಸಿಡೀತೈತೆ ಮಾಯಿ. ಕಣ್ಮುಂದೆ ಮಿಂಚುಹುಳ ಹಾರ್ದಂಗೆ ಆಯ್ತದೆ.”

ನರ್ಸಮ್ಮ ಹೇಳಿದ್ದು ನೆನಪಾಯಿತು. ಇನ್ನೊಂದೇ ದಿನವಲ್ಲವೇ ಅಂದುಕೊಂಡೆ. ಅವತ್ತೇ ಎದ್ದು ಹೋಗಿ ಅವಳನ್ನು ಬಸ್ಸು ಹತ್ತಿಸಬೇಕಿತ್ತು. ಕಾಲು ಹೀಗೆ ಕಟ್ಟಿಸಿಕೊಂಡು ಮಲಗಿದ್ದೇ ನಾನು ಮಾಡಿದ ದೊಡ್ಡ ತಪ್ಪು.

ಮರುದಿನ ಬೆಳಿಗ್ಗೆ ಎರಡು ಬಸ್ಸು ತುಂಬಾ ಡಾಕ್ಟರುಗಳು ಬಂದಿಳಿದರು. ಎಲ್ಲಿಂದಲೋ ಬಾಡಿಗೆಗೆ ತಂದವರು. ಕತ್ತಿಗೆ ಟ್ಯಾಗು ಹಾಕಿಕೊಂಡರು, ದೆಹಲಿಯವರ ಎದುರು ಹೆಸರು ಕೂಗಿದಾಗ ಕೈ ಎತ್ತಿದರು, ಸಹಿ ಹಾಕಿದರು, ಪೊಟ್ಟಣದ ಊಟ ಇಸಿದುಕೊಂಡು ಮತ್ತೆ ಬಸ್ಸು ಹತ್ತಿದರು. ನಮ್ಮ ವಾರ್ಡಿಗೆ ಒಬ್ಬನೂ ಇಣುಕಲಿಲ್ಲ. ನಮಗೆ ಹಾಲಿನ ಚಹಾ ಕೊಟ್ಟರು. ಸುಮಾರಿ ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವಿಚಿ, ಪಿಸುದನಿಯಲ್ಲಿ ಉಪ್ಪು ಕೇಳಿದಳು.

ದೆಹಲಿಯವರು ವಾರ್ಡಿಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೂವರೂ ಡಾಕ್ಟರೇ; ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಹಿರಿಯ ಡಾಕ್ಟರ ಹಿಂದೆ ಬರುವಾ ಬಾಬು ಬೆನ್ನು ಬಗ್ಗಿಸಿಕೊಂಡು ಬರುತ್ತಿದ್ದ. ನಮ್ಮನ್ನು ಕಂಡರೆ ಸೆಟೆದು ನಿಲ್ಲುವ ಆ ಬೆನ್ನು ಅಷ್ಟು ಬಗ್ಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಹಿರಿಯ ಡಾಕ್ಟರು ಪೆನ್ನಿನಿಂದ ನನ್ನ ಪ್ಲಾಸ್ಟರ್ ತಟ್ಟಿದರು. “ಹೇಗೆ ಬಿದ್ದೆ?”

“ಬಾವಿಕಟ್ಟೆ ಮ್ಯಾಲಿಂದ ಸಾಹೇಬ್ರೆ.”

“ನೋವಿದೆಯಾ?”

“ಬಾಳ.”

ಆಗ ತೋಟದ ಸೈರನ್ ಊದಿತು.

ಹನ್ನೆರಡರ ಸೈರನ್ ಅಂದರೆ ಎಲೆ ತೂಕದ ಸೈರನ್. ಅದು ಊದಿದ ಕೂಡಲೇ ಗಿಡ ಬಿಟ್ಟು ಬುಟ್ಟಿ ಹೊತ್ತು ಸಾಲಿನಲ್ಲಿ ನಿಲ್ಲಬೇಕು, ತಡವಾದವಳಿಗೆ ಅರ್ಧ ಹಾಜರಿ. ಹತ್ತು ವರ್ಷದ ಹುಡುಗಿಯಿದ್ದಾಗಿನಿಂದ ಆ ಸದ್ದು ನಮ್ಮ ಮೈಗೆ ಹತ್ತಿದೆ. ಪಿತ್ತದ ಕಲ್ಲಿನ ಬಿರ್ಸಿ ಛಂಗನೆ ನೆಲಕ್ಕೆ ಇಳಿದಳು. ಸಕ್ಕರೆ ಕಾಯಿಲೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೊಟ್ಟೆ ಕೊಯ್ದವಳು, ಎದೆನೋವಿನವಳು, ಮೂಳೆ ಸವೆದವಳು, ಇಡೀ ವಾರ್ಡು ಎದ್ದು ಸಾಲಾಗಿ ನಿಂತುಬಿಟ್ಟಿತು. ಮುರಿದ ಕಾಲಿನ ಮೇಲೆ ನಾನೂ ನಿಂತಿದ್ದೆ.

ಬರುವಾ ಬಾಬುವಿನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಸಿಕ್ಕಿಬಿದ್ದೆವು, ಇನ್ನು ಪೊಲೀಸರು ಬರುತ್ತಾರೆ ಅಂದುಕೊಂಡೆ.

ಹಿರಿಯ ಡಾಕ್ಟರು ನಮ್ಮನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಪಕ್ಕದವನನ್ನು ನೋಡಿ ಹಲ್ಲು ಬಿಟ್ಟರು. “ಪರವಾಗಿಲ್ಲ ಬರುವಾ, ನಿಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಬಹಳ ಬೇಗ ಗುಣವಾಗ್ತಾರೆ.”

“ಹೆ ಹೆ, ಪ್ರಾರ್ಥನೆ ಹೊತ್ತು ಸಾರ್. ದೈವಭಕ್ತ ಜನ.”

“ನಲವತ್ತಕ್ಕೆ ನಲವತ್ತು ಭರ್ತಿ, ಬರ್ಕೊಳ್ಳಿ” ಎಂದರು ಹಿರಿಯರು. ಹೆಂಗಸು ಡಾಕ್ಟರು ಬರೆಯದೆ ನನ್ನ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಬರೆದುಕೊಂಡರು.

ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾದದ್ದರಿಂದ ಏನೂ ಆಗಲಿಲ್ಲ. ಮೂವರೂ ಊಟಕ್ಕೆಂದು ಮಹಡಿ ಹತ್ತಿದರು.

ಅವರ ಬೆನ್ನು ತಿರುಗಿದ್ದೇ ತಡ, ಬರುವಾ ಬಾಬು ಬಂದು ಕೈಗೆ ಸಿಕ್ಕ ಬಿರ್ಸಿಯ ಕೆನ್ನೆಗೆ ಬಾರಿಸಿದ. “ಬೇವರ್ಸಿ ಮುಂಡೇವಾ! ಸೈರನ್ ಕೇಳಿದ್ರೆ ಹೆಣವೂ ಎದ್ದು ನಿಲ್ಲುತ್ತಲ್ರೇ ನಿಮ್ಮದು. ಅವರ ಕಾರು ಗೇಟು ದಾಟೋವರೆಗೆ ಒಬ್ಬಳು ಮಂಚ ಬಿಟ್ಟಿಳಿದ್ರೂ ಇಡೀ ಲೈನಿಗೆ ಕೆಲಸ ಇಲ್ಲ.” ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಕಿಟಕಿಯ ಪಕ್ಕದ ಮಂಚದ ಸುಮಾರಿ ಅಜ್ಜಿ ನನ್ನನ್ನು ಕೂಗಿದಳು. “ಫಗುನಿ, ಗೇಟಿನ ತಾವ ಎಲೆ ಟ್ರಾಕ್ಟರ್ ಬಂದು ನಿಂತೈತಲ್ಲ, ಅದ್ರಾಗಿರೋದು ನಿನ್ನ ಅಳಿಯ ಅಲ್ವಾ?”

ಮಂಚದ ಅಂಚು ಹಿಡಿದು ಕಿಟಕಿಗೆ ಬಂದೆ. ಸೋಮ್ರಾ ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿದ್ದ ಕಾವಲಿನವನು ಲಾಠಿಯಿಂದ ಅವನ ಬೆರಳಿಗೆ ಬಡಿಯುತ್ತಿದ್ದ. ಎಲೆ ತುಂಬುವ ಟ್ರಾಲಿಯಲ್ಲಿ ಜೋನಾಕಿ ಮಲಗಿದ್ದಳು. ಅವಳ ಕಾಲು ಹಲಗೆಗೆ ದಡದಡ ಬಡಿಯುತ್ತಿತ್ತು. ನೋವಿಗೆ ಬಡಿದುಕೊಳ್ಳುವ ಕಾಲಲ್ಲ ಅದು. ನರ್ಸು ಹೇಳಿದ್ದು ಬಂದುಬಿಟ್ಟಿತ್ತು.

“ಲೋಕನಾಥಾ! ಏ ಲೋಕನಾಥಾ!”

ಹೊರಗೆ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಸರ್ದಾರ ಕಿಟಕಿಗೆ ಓಡಿಬಂದ. “ಕೂಗ್ಬ್ಯಾಡ್ವೇ, ಮ್ಯಾಲೆ ಊಟ ಮಾಡ್ತಾವ್ರೆ.”

“ನನ್ ಮಗಳು ಗೇಟಲ್ಲಿ ಸಾಯ್ತಾವ್ಳೆ, ಒಳಕ್ಕೆ ಬಿಡ್ಸೋ!”

“ನೋಡ್ದೆ ಕಣೇ. ಕೇಳ್ದೆ. ಎಲ್ಲಾ ಮಂಚ ಭರ್ತಿ ಆಗೈತೆ, ಈಗ ಯಾರನ್ನೂ ತಗೊಳ್ಳಂಗಿಲ್ಲ ಅಂತ ಬಾಬು ಹುಕುಂ ಮಾಡವ್ರೆ.”

“ಭರ್ತಿ ಆಗಿರೋಳು ನಾನೇ ಅಲ್ವೇನೋ ಬೋಳಿಮಗನೇ! ನನ್ನ ಎಬ್ಸಿ ಅವಳನ್ನ ಮಲಗ್ಸೋ!”

“ಹೆಂಗೆ ಎಬ್ಸಲಿ? ನಿನ್ ಹೆಸ್ರು ಬರ್ದಾಗೈತೆ. ಒಂದ್ಗಂಟೆ ತಡ್ಕೋ, ಅವ್ರು ಹೊಂಟೋಗ್ಲಿ.”

“ಗಂಟೆ ತಡ್ಕೊಳ್ಳೋ ನೋವೇನೋ ಅದು? ಹೆರಿಗೆ ಡಾಕ್ಟ್ರು ಎಲ್ಲಿ? ಅವರನ್ನಾದ್ರೂ ಗೇಟಿಗೆ ಕಳ್ಸು.”

ಲೋಕನಾಥ ಬೀಡಿ ಎಸೆದು ನೆಲ ನೋಡಿದ. “ಡಾಕ್ಟ್ರು ಯಾರೂ ಇಲ್ಲ ಫಗುನಿ. ಬಸ್ಸಿನೋರು ಆವಾಗ್ಲೇ ಹೋದ್ರು. ಹೆರಿಗೆ ಕೋಣೆ ಟೇಬಲ್ ಮ್ಯಾಲಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ ಇನ್ನೂ.”

“ನನಗೆ ಮಾತು ಕೊಟ್ಟೆ ನೀನು.”

“ನಂಗೆ ಬಾಬು ಕೊಟ್ರು. ನಾನು ನಿಂಗೆ ಕೊಟ್ಟೆ.” ಅವನ ಕಣ್ಣಲ್ಲಿ ನೀರಿತ್ತು. ಆ ನೀರಿಗೆ ಉಗಿಯಬೇಕೆನ್ನಿಸಿತು, ಉಗಿದೆ. ಅವನು ಒರೆಸಿಕೊಳ್ಳದೆ ನಿಂತ.

ಬಾಗಿಲಿಗೆ ಹೋಗಿ ಗುದ್ದಿದೆ. ಮೊಣಕಾಲು ಮಡಚಲು ಬಾರದ ಕಾಲಿನಿಂದ ಒದೆಯಲೂ ಆಗಲಿಲ್ಲ, ಜಾರಿ ಬಿದ್ದೆ. ಬಿದ್ದಲ್ಲೇ ಬಾಯಿ ಬಡಿದುಕೊಂಡೆ. ಯಾರೂ ಹತ್ತಿರ ಬರಲಿಲ್ಲ. ನಲವತ್ತು ಸಂಸಾರದ ಕೆಲಸ, ಲೈನಿನ ಮನೆ ಎಲ್ಲವೂ ಆ ಚಿಲಕದ ಮೇಲಿತ್ತು. ನಾನು ಅವರನ್ನು ಬೈಯಲಾರೆ. ಅವರ ಜಾಗದಲ್ಲಿದ್ದರೆ ನಾನೂ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ.

ಮೊದಲು ಇಳಿದವಳು ಬಿರ್ಸಿ. ಅವಳ ಕೆನ್ನೆಯ ಮೇಲೆ ಐದು ಬೆರಳು ಇನ್ನೂ ಕೆಂಪಗಿದ್ದವು.

“ಏಳು ದೀದಿ. ಈ ಮಂಚಕ್ಕೆ ಗಾಲಿ ಐತೆ.”

ನನ್ನನ್ನು ಎಬ್ಬಿಸಿ ಮೂವತ್ತೊಂದನೇ ಮಂಚದ ಹಿಂದೆ ನಿಲ್ಲಿಸಿದಳು. ಇಬ್ಬರೂ ಸೇರಿ ತಳ್ಳಿದೆವು. ಕಬ್ಬಿಣದ ಮಂಚ ಬಾಗಿಲಿಗೆ ಗುದ್ದಿದ ಸದ್ದಿಗೆ ಕಟ್ಟಡವೇ ನಡುಗಿತು. ಹಿಂದಕ್ಕೆ ಎಳೆದು ಮತ್ತೆ ಗುದ್ದಿದೆವು. ಎರಡನೇ ಸಲಕ್ಕೆ ಇನ್ನೂ ಐದಾರು ಕೈ ಮಂಚ ಹಿಡಿದಿದ್ದವು, ಯಾರವೆಂದು ನಾನು ತಿರುಗಿ ನೋಡಲಿಲ್ಲ. ಹದಿನೈದು ದಿನದ ಹಿಂದಷ್ಟೇ ಕೂರಿಸಿದ ಬಾಗಿಲು, ಮೊಳೆ ಸಮೇತ ಚಿಲಕ ಕಿತ್ತುಕೊಂಡು ಬಿತ್ತು.

ಆ ಉದ್ದದ ಓಣಿಯಲ್ಲಿ ನಾನು ಮಂಚವನ್ನು ತಳ್ಳಿದೆನೋ, ಮಂಚ ನನ್ನನ್ನು ಎಳೆಯಿತೋ ಹೇಳಲಾರೆ. ಅದನ್ನು ಹಿಡಿದಿದ್ದರಿಂದಲೇ ನಿಂತಿದ್ದೆ. ಸಲೈನ್ ಕಂಬ ಮಂಚಕ್ಕೆ ಸಿಕ್ಕಿಕೊಂಡು ಗಡಗಡ ಅನ್ನುತ್ತಿತ್ತು. ಇಳಿಜಾರಿನಲ್ಲಿ ಬಿರ್ಸಿ ಮುಂದೆ ಹೋಗಿ ಎದೆಕೊಟ್ಟು ತಡೆದಳು. ಅಂಗಳಕ್ಕೆ ಬರುವಷ್ಟರಲ್ಲಿ ದೆಹಲಿಯವರ ಕಾರು ಮೆಟ್ಟಿಲ ಬಳಿ ಸ್ಟಾರ್ಟ್ ಆಗಿ ನಿಂತಿತ್ತು. ಮಂಚದ ಸದ್ದು ಕೇಳಿ ಬರುವಾ ಬಾಬು ಅವರನ್ನು ಅವಸರದಲ್ಲಿ ಹತ್ತಿಸಿ ಬಾಗಿಲು ಹಾಕುತ್ತಿದ್ದ.

“ಗೇಟು ತೆಗಿ! ಸಾಹೇಬರ ಗಾಡಿ ಬಿಡು!”

ಕಾವಲಿನವನು ಗೇಟಿನ ಎರಡೂ ರೆಕ್ಕೆ ತೆರೆದ. ಕಾರು ಸುತ್ತು ಹಾಕಿ ಬರುವುದರೊಳಗೆ ನಾವು ಮಂಚವನ್ನು ಅಡ್ಡಕ್ಕೆ ತಿರುಗಿಸಿ ಗೇಟಿನ ನಡುವೆ ನಿಲ್ಲಿಸಿದೆವು. ಸೋಮ್ರಾ ಮತ್ತು ಟ್ರಾಕ್ಟರಿನವನು ಜೋನಾಕಿಯನ್ನು ಎಲೆ ಹೊರುವ ಪ್ಲಾಸ್ಟಿಕ್ ಹಾಳೆ ಸಮೇತ ಎತ್ತಿ ಅದರ ಮೇಲೆ ಮಲಗಿಸಿದರು. ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಾಯಿಯ ಅಂಚಿನಲ್ಲಿ ನೊರೆ, ನಾಲಿಗೆ ಕಚ್ಚಿ ರಕ್ತ. ಒಂದು ಗಳಿಗೆ ನಡುಕ ನಿಂತು “ಮಾಯಿ” ಅಂತ ಅರಚಿದಳು. ನಮ್ಮ ಹಿಂದೆಯೇ ಓಡಿಬಂದಿದ್ದ ಸುಮಾರಿ ಅಜ್ಜಿ ಸೀರೆ ಅಡ್ಡ ಹಿಡಿಯಲು ಉಳಿದ ಹೆಂಗಸರನ್ನು ಕೂಗಿದಳು.

ಹಿಂದೆ ಕಾರು ಹಾರ್ನ್ ಮಾಡಿತು. ಬರುವಾ ಬಾಬು ಏದುಸಿರು ಬಿಡುತ್ತಾ ಓಡಿಬಂದ.

“ಎಳೀರೇ ಅದನ್ನ ಪಕ್ಕಕ್ಕೆ! ಫಗುನಿ, ಇವತ್ತೇ ನಿನ್ನ ಮನೆ ಸಾಮಾನು ಬೀದಿಗೆ ಹಾಕಿಸ್ತೀನಿ. ನಿನ್ನ ಅಳಿಯನ್ನ ಜೈಲಿಗೆ ಕಳಿಸ್ತೀನಿ.”

“ಕಳ್ಸು” ಅಂದೆ. “ಆಮೇಲೆ ಕಳ್ಸು. ಈಗ ಡಾಕ್ಟ್ರು ಬೇಕು.”

“ಡಾಕ್ಟ್ರು ಎಲ್ಲಿಂದ ತರ್ಲೇ ಈಗ?”

“ಅಗೋ, ಮೂರು ಜನ ಕೂತವ್ರೆ.”

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ನಾನು ಸಲೈನ್ ಕಂಬವನ್ನು ಊರುಗೋಲು ಮಾಡಿಕೊಂಡು ಕಾರಿನ ಹತ್ತಿರ ಹೋದೆ. ಗಾಜು ಏರಿಸಿದ್ದರು. ಕೈಯಿಂದ ಬಡಿದೆ.

“ಸಾಹೇಬ್ರೆ, ನನ್ ಕಾಲಿಗೆ ಏನೂ ಆಗಿಲ್ಲ. ನಿಮ್ಗೂ ಗೊತ್ತು. ಅಗೋ ಅಲ್ಲಿ ಮಲಗಿರೋಳು ಸುಳ್ಳು ರೋಗಿ ಅಲ್ಲ. ಫಿಟ್ಸ್ ಬಂದೈತೆ. ಒಂದ್ಸಲ ಇಳೀರಿ.”

ಮುಂದೆ ಕೂತಿದ್ದ ಹಿರಿಯ ಡಾಕ್ಟರು ಡ್ರೈವರಿಗೆ ಏನೋ ಹೇಳಿದರು. ಹಾರ್ನ್ ನಿಲ್ಲದೆ ಹೊಡೆದುಕೊಳ್ಳತೊಡಗಿತು. ಹಿಂದಿನ ಸೀಟಿನ ಹೆಂಗಸು ಡಾಕ್ಟರು ಮಂಚದ ಕಡೆ ನೋಡುತ್ತಿದ್ದರು. ಅವರ ಕೈ ಬಾಗಿಲಿನ ಹಿಡಿಗೆ ಹೋಯಿತು. ಪಕ್ಕದಲ್ಲಿದ್ದವನು ಅವರ ಮಣಿಕಟ್ಟು ಹಿಡಿದುಕೊಂಡ. ಬಿಡಿಸಿಕೊಳ್ಳಲು ನೋಡಿದರೋ, ಸುಮ್ಮನಾದರೋ, ಗಾಜಿನ ಮೇಲೆ ಬಿಸಿಲು ಬಿದ್ದು ನನಗೆ ಸರಿಯಾಗಿ ಕಾಣಲಿಲ್ಲ.

“ಇಳೀರಮ್ಮಾ” ಅಂದೆ. “ಕಾಲಿಗೆ ಬೀಳ್ತೀನಿ. ಬಗ್ಗಕ್ಕಾಗಲ್ಲ, ಇಲ್ಲಾಂದ್ರೆ ಬೀಳ್ತಿದ್ದೆ.”

ಬಾಗಿಲು ತೆರೆಯಲಿಲ್ಲ. ಕಂಬವನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿಗೆ ಹೊಡೆದೆ. ಒಂದು ಗೆರೆ ಎದ್ದಿತು. ಒಳಗಿದ್ದವರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಬರುವಾ ಬಾಬು ಹಿಂದಿನಿಂದ ನನ್ನ ಕೂದಲು ಹಿಡಿದು ಜಗ್ಗಿದ, ಬಿರ್ಸಿ ಅವನ ಕೈ ಕಚ್ಚಿದಳು. ಮತ್ತೊಂದು ಹೊಡೆದೆ. ಗಾಜು ಬಿರುಕು ಬಿಟ್ಟು ಬೆಳ್ಳಗಾಯಿತು, ಒಳಗಿನ ಮುಖಗಳು ಕಾಣದಾದವು.

ಹಾರ್ನಿನ ನಡುವೆ ಅಲ್ಲಿಯವರೆಗೆ ಜೋನಾಕಿಯ ಅರಚಾಟ ಕೇಳುತ್ತಿತ್ತು. ಈಗ ಕೇಳಲಿಲ್ಲ. ಹೆಂಗಸರ ಮಾತೂ ನಿಂತಿತ್ತು. ಯಾರೋ ನನ್ನ ಹೆಸರು ಹಿಡಿದು ಮೆಲ್ಲಗೆ ಕರೆದರು.

ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಂಬವನ್ನು ಮತ್ತೆ ಎತ್ತಿದೆ.